ಮದರಾಸಿನ ದಡ ಮುಟ್ಟಿಸಿದ ಹೊಲಿಗೆ ದೋಣಿಗಳು

ಇಂಗ್ಲೆಂಡಿನಿಂದ ಹೊರಟ ಹಡಗು ಆಫ್ರಿಕಾದ ತುದಿಯನ್ನು ಬಳಸಿಕೊಂಡು, ತಿಂಗಳುಗಟ್ಟಲೆ ಸಾಗಿ ಬಂದು ಮದರಾಸಿನೆದುರು ಲಂಗರು ಹಾಕಿದಾಗ ಪ್ರಯಾಣಿಕರಿಗೆ ದಡ ಕಣ್ಣಿಗೆ ಬೀಳುತ್ತಿತ್ತು, ಕಾಲಿಗೆ ಸಿಗುತ್ತಿರಲಿಲ್ಲ. ಎದುರಿಗೆ ಸೇಂಟ್ ಜಾರ್ಜ್ ಕೋಟೆ, ಸುಣ್ಣದ ಗಾರೆಯಿಂದ ಹೊಳೆಯುವ ಬಿಳಿ ಕಟ್ಟಡಗಳು, ಮರಳಿನ ಮೇಲೆ ಓಡಾಡುವ ಜನ. ನಡುವೆ ಒಂದೆರಡು ಮೈಲಿ ನೀರು. ಆ ನೀರಿನ ಕೊನೆಯ ಕೆಲವು ನೂರು ಗಜಗಳಲ್ಲಿ ಬಂಗಾಳ ಕೊಲ್ಲಿಯ ಅಲೆಗಳು ಸಾಲುಸಾಲಾಗಿ ಎದ್ದು ಒಡೆಯುತ್ತಿದ್ದವು. ಇಡೀ ಪ್ರಯಾಣದಲ್ಲಿ ಜನ ಅತಿ ಹೆಚ್ಚು ಹೆದರುತ್ತಿದ್ದದ್ದು ಈ ಕೊನೆಯ ತುಂಡಿಗೆ.

ಮದರಾಸಿಗೆ ಬಂದರು ಇರಲಿಲ್ಲ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇ ಸ್ಥಳೀಯ ನಾಯಕರಿಂದ ಈ ಜಾಗ ಪಡೆದಾಗ ಅವನ ಗಮನವಿದ್ದದ್ದು ಬಟ್ಟೆಯ ಮೇಲೆ. ಸುತ್ತಮುತ್ತಲ ಊರುಗಳ ನೇಕಾರರು ನೇಯುತ್ತಿದ್ದ ಹತ್ತಿಬಟ್ಟೆ ಇಲ್ಲಿ ಕಡಿಮೆ ಬೆಲೆಗೆ ಸಿಗುತ್ತಿತ್ತು. ಹಡಗು ನಿಲ್ಲಿಸಲು ಮಾತ್ರ ಇದಕ್ಕಿಂತ ಕೆಟ್ಟ ತೀರ ಹುಡುಕಿದರೂ ಸಿಗುವಂತಿರಲಿಲ್ಲ. ಕರಾವಳಿ ಉದ್ದಕ್ಕೂ ನೆಟ್ಟಗಿದೆ. ಒಳಸರಿದ ಕೊಲ್ಲಿಯಿಲ್ಲ, ಅಲೆ ತಡೆಯಲು ದ್ವೀಪವಿಲ್ಲ, ಬಂಡೆಯಿಲ್ಲ. ಕೂವಂ ನದಿಯ ಬಾಯಿಗೆ ವರ್ಷದ ಬಹುಪಾಲು ಮರಳು ಕಟ್ಟಿಕೊಳ್ಳುತ್ತದೆ. ದಡಕ್ಕೆ ಸಮಾನಾಂತರವಾಗಿ ನೀರಿನೊಳಗೆ ಮರಳ ದಿಬ್ಬವೊಂದು ಮಲಗಿತ್ತು. ಆಳ ಸಮುದ್ರದಿಂದ ಬಂದ ಅಲೆ ಮೊದಲು ಆ ದಿಬ್ಬಕ್ಕೆ ತಾಗಿ ಒಡೆಯುವುದು, ಮತ್ತೆ ಚೇತರಿಸಿಕೊಂಡು ದಡದ ಹತ್ತಿರ ಇನ್ನೊಮ್ಮೆ ಒಡೆಯುವುದು. ದೊಡ್ಡ ಹಡಗು ಹೊರಗೇ ನಿಲ್ಲಬೇಕು. ಹಡಗಿನವರ ಸ್ವಂತ ದೋಣಿಗಳಾದರೂ ಒಳಗೆ ಬರಬಹುದಿತ್ತಲ್ಲ ಎಂದರೆ, ಮೊಳೆ ಹೊಡೆದು ಗಟ್ಟಿಯಾಗಿ ಕಟ್ಟಿದ ಆ ಯುರೋಪಿನ ದೋಣಿಗಳು ದಡದ ಮರಳಿಗೆ ಬಡಿದೊಡನೆ ಸೀಳಿಹೋಗುತ್ತಿದ್ದವು.

ಹಾಗಾಗಿ ಸುಮಾರು ಎರಡೂವರೆ ಶತಮಾನ ಕಾಲ ಗವರ್ನರು, ಸಿಪಾಯಿ, ಪಾದ್ರಿ, ಗುಮಾಸ್ತ, ಮದುವೆಗೆಂದು ಬಂದ ಹುಡುಗಿ, ಬೆಳ್ಳಿಯ ಪೆಟ್ಟಿಗೆ, ಬಟ್ಟೆಯ ಮೂಟೆ ಎಲ್ಲವೂ ಈ ತೀರದ ಅಂಬಿಗರ ಕೈಯಿಂದಲೇ ದಾಟಬೇಕಾಯಿತು. ಅವರ ದೋಣಿಗೆ ಮಸೂಲಾ ದೋಣಿ ಎಂಬ ಹೆಸರು ನಿಂತಿತು.

ಈ ದೋಣಿಯಲ್ಲಿ ಒಂದೂ ಮೊಳೆ ಇರಲಿಲ್ಲ. ತೆಳ್ಳನೆಯ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ಉದ್ದಕ್ಕೂ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಎರಡು ಹಲಗೆ ಕೂಡುವ ಸಂದಿಯ ಮೇಲೆ ಒಣಹುಲ್ಲು ಅಥವಾ ನಾರಿನ ಒತ್ತು ಇಟ್ಟು, ಹೊಲಿಗೆ ಅದನ್ನೂ ಸೇರಿಸಿ ಬಿಗಿಯುತ್ತಿತ್ತು. ಒಳಗೆ ಪಕ್ಕೆಲುಬಿನಂಥ ಅಡ್ಡಮರಗಳಿಲ್ಲ. ತಳ ಚಪ್ಪಟೆ, ಬದಿ ಎತ್ತರ. ಉದ್ದ 30ರಿಂದ 35 ಅಡಿ. ಅಲೆ ಎತ್ತಿ ಕುಕ್ಕಿದಾಗ ದೋಣಿ ಬುಟ್ಟಿಯ ಹಾಗೆ ಬಾಗಿ, ಹೊಡೆತವನ್ನು ಇಡೀ ಮೈಗೆ ಹಂಚಿಕೊಂಡು, ಮತ್ತೆ ತನ್ನ ಆಕಾರಕ್ಕೆ ಬರುತ್ತಿತ್ತು. ಹೊಲಿಗೆಯ ಸಂದಿಯಲ್ಲಿ ನೀರು ಜಿನುಗುವುದು ಸಹಜ. ಅದನ್ನು ಮೊಗೆದು ಚೆಲ್ಲಲೆಂದೇ ಆಳುಗಳಿರುತ್ತಿದ್ದರು, ಸರಕು ನೆನೆಯದಂತೆ ತಳದಲ್ಲಿ ಸೊಪ್ಪುಕಡ್ಡಿಯ ಹಾಸು ಇರುತ್ತಿತ್ತು. ಹುರಿ ಸವೆದಾಗ ಹೊಲಿಗೆ ಬಿಚ್ಚಿ, ಅದೇ ಹಲಗೆಗಳನ್ನು ಮತ್ತೆ ಹೊಲಿಯಬಹುದಿತ್ತು.

ಹುಟ್ಟುಗಳೂ ಸರಳ: ಉದ್ದನೆಯ ಗಳು, ಅದರ ತುದಿಗೆ ಕಟ್ಟಿದ ಅಗಲವಾದ ಹಲಗೆ. ಎಂಟರಿಂದ ಹನ್ನೆರಡು ಜನ ಹುಟ್ಟು ಹಾಕುತ್ತಿದ್ದರು. ಹಿಂಬದಿಯ ಎತ್ತರದ ಅಟ್ಟದ ಮೇಲೆ ಚುಕ್ಕಾಣಿಯ ಉದ್ದ ಹುಟ್ಟನ್ನು ಹಿಡಿದು ತಂಡೇಲ ನಿಂತಿರುತ್ತಿದ್ದ. ಇಡೀ ದೋಣಿಯ ಪ್ರಾಣ ಅವನ ಕಣ್ಣಿನಲ್ಲಿತ್ತು.

ಹಡಗಿನಿಂದ ದೋಣಿಗೆ ಇಳಿಯುವುದೇ ಮೊದಲ ಪರೀಕ್ಷೆ. ಕೆಳಗೆ ದೋಣಿ ಒಮ್ಮೆ ಹಡಗಿನ ಬದಿಗೆ ಏರಿ ಬರುವುದು, ಮರುಗಳಿಗೆ ಆಳಕ್ಕೆ ಇಳಿದುಬಿಡುವುದು. ಗಂಡಸರು ಹಗ್ಗದ ಏಣಿಯಲ್ಲಿ ಇಳಿದು, ದೋಣಿ ಮೇಲೇರಿದ ಹೊತ್ತು ನೋಡಿ ಕಾಲು ಬಿಡಬೇಕು. ಹೆಂಗಸರನ್ನು ಕುರ್ಚಿಗೆ ಕಟ್ಟಿ ಹಗ್ಗ ರಾಟೆಗಳಿಂದ ಇಳಿಸುತ್ತಿದ್ದರು. ಅಲ್ಲಿಂದ ಅಲೆ ಒಡೆಯುವ ಜಾಗದವರೆಗೆ ಹಾಡು ಹೇಳುತ್ತಾ, ಒಂದೇ ಲಯದಲ್ಲಿ ಹುಟ್ಟು ಹಾಕುವ ನಿರಾಳ ಸಾಗಾಟ.

ಆ ಜಾಗ ಹತ್ತಿರವಾದಾಗ ಹಾಡು ನಿಲ್ಲುತ್ತಿತ್ತು. ತಂಡೇಲ ಬೆನ್ನ ಹಿಂದಿನ ಸಮುದ್ರ ನೋಡುತ್ತಾ ದೋಣಿಯನ್ನು ನಿಲ್ಲಿಸಿಕೊಳ್ಳುತ್ತಿದ್ದ. ಅಲೆಗಳೆಲ್ಲ ಒಂದೇ ಎತ್ತರದವಲ್ಲ. ಕೆಲವು ದೊಡ್ಡ ಅಲೆಗಳು ಸಾಲಾಗಿ ಬಂದ ಮೇಲೆ ಸ್ವಲ್ಪ ಹೊತ್ತು ಸಣ್ಣವು ಬರುತ್ತವೆ. ಆ ಬಿಡುವನ್ನು ಗುರುತಿಸುವುದೇ ಅವನ ವಿದ್ಯೆ. ಬಿಡುವು ಕಂಡೊಡನೆ ಕೂಗು ಹಾಕುತ್ತಿದ್ದ, ಹತ್ತಾರು ತೋಳುಗಳು ಒಟ್ಟಿಗೆ ಎಳೆಯುತ್ತಿದ್ದವು. ಬೆನ್ನಿಗೆ ಬಂದ ಅಲೆ ದೋಣಿಯನ್ನು ಎತ್ತಿಕೊಂಡು ಓಡುವುದು. ಅಲೆಗಿಂತ ಮುಂದೆ ಹೋದರೆ ಮೂತಿ ಮುಳುಗುತ್ತದೆ, ತೀರಾ ಹಿಂದೆ ಬಿದ್ದರೆ ಮುಂದಿನ ಅಲೆ ಒಳಗೆ ಸುರಿಯುತ್ತದೆ, ಸ್ವಲ್ಪ ಓರೆಯಾದರೆ ಮಗುಚುತ್ತದೆ. ಅಲೆ ಹಾದುಹೋಗುತ್ತಿದ್ದ ಹಾಗೆ ಹುಟ್ಟುಗಳನ್ನು ಹಿಮ್ಮುಖವಾಗಿ ಒತ್ತಿ ದೋಣಿಯನ್ನು ಹಿಡಿದು, ಮತ್ತೊಂದು ಬಿಡುವಿಗೆ ಕಾಯಬೇಕು. ಇಂಥ ಎರಡು ಮೂರು ಸಾಲು ದಾಟಿದ ಮೇಲೆ ತಳ ಮರಳಿಗೆ ಬಡಿಯುತ್ತಿತ್ತು. ತಕ್ಷಣ ಆಳುಗಳು ಹಗ್ಗ ಹಿಡಿದು ನೀರಿಗೆ ಹಾರುತ್ತಿದ್ದರು, ದಡದಲ್ಲಿ ಕಾದಿದ್ದವರು ಕೈಜೋಡಿಸುತ್ತಿದ್ದರು. ಪ್ರಯಾಣಿಕರನ್ನು ಬೆನ್ನ ಮೇಲೋ ತೋಳಿನಲ್ಲೋ ಹೊತ್ತು ಒಣಮರಳಿನ ಮೇಲೆ ಇಳಿಸಿದರೆ ಅಲ್ಲಿಗೆ ಕೆಲಸ ಮುಗಿಯಿತು.

ದೋಣಿಯ ಅಕ್ಕಪಕ್ಕದಲ್ಲಿ ಹಲವು ಸಲ ಕಟ್ಟುಮರಗಳು ಬರುತ್ತಿದ್ದವು. ಮೂರು ನಾಲ್ಕು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ತೆಪ್ಪ ಅದು. ಮುಳುಗುವ ಪ್ರಶ್ನೆಯೇ ಇಲ್ಲ. ಮಸೂಲಾ ದೋಣಿ ಮಗುಚಿದರೆ ನೀರಿಗೆ ಬಿದ್ದವರನ್ನು ಎಳೆದುಕೊಳ್ಳುವುದು ಕಟ್ಟುಮರದವರ ಹೊಣೆ, ಜೀವ ಉಳಿಸಿದವರಿಗೆ ಸರ್ಕಾರ ಪದಕ ಕೊಡುತ್ತಿತ್ತು. ಯಾವ ದೋಣಿಯೂ ಇಳಿಯಲಾಗದಷ್ಟು ಕಡಲು ಕೆರಳಿದ ದಿನ ಕೋಟೆಗೂ ಹಡಗಿಗೂ ನಡುವೆ ಸುದ್ದಿ ಒಯ್ಯುತ್ತಿದ್ದವರೂ ಇವರೇ. ನೀರು ಹೊಗದಂತೆ ಮಾಡಿದ ಚೂಪು ಟೋಪಿಯೊಳಗೆ ಪತ್ರಗಳನ್ನಿಟ್ಟು ತಲೆಗೆ ಬಿಗಿದುಕೊಂಡು, ಅಲೆ ತೊಳೆದು ಬೀಳಿಸಿದರೆ ಈಜಿ ಮತ್ತೆ ದಿಮ್ಮಿ ಹತ್ತಿ ಸಾಗುತ್ತಿದ್ದರು. ಮಾರಿಯಾ ಗ್ರಹಾಮ್, ಜೂಲಿಯಾ ಮೇಟ್‌ಲೆಂಡ್ ಮೊದಲಾದವರ ಮದರಾಸಿನ ಬರಹಗಳಲ್ಲಿ ಈ ತೀರದ ದೋಣಿಗಳಿಗೂ ದಿಮ್ಮಿಗಳಿಗೂ ತಪ್ಪದೆ ಜಾಗವಿದೆ. 1797ರ ಹೊತ್ತಿಗೆ ಚಿತ್ರಕಾರರಾದ ಡೇನಿಯಲ್ ಬಂಧುಗಳು ಮುದ್ರಿಸಿದ ಕೋಟೆಯ ಚಿತ್ರದಲ್ಲೂ ಮುನ್ನೆಲೆಯನ್ನು ತುಂಬಿರುವುದು ನೊರೆಗಟ್ಟಿದ ಕಡಲು ಮತ್ತು ಅದರ ಮೇಲಿನ ದೋಣಿಗಳು.

ಕನ್ನಡ ನಾಡಿನ ಚರಿತ್ರೆಯ ಹಲವು ಹೆಸರುಗಳೂ ಈ ಅಲೆಗಳನ್ನು ದಾಟಿ ಬಂದವು. ಥಾಮಸ್ ಮನ್ರೋ 1780ರಲ್ಲಿ ಹದಿನೆಂಟರ ಹರೆಯದ ಸೈನಿಕ ಶಿಕ್ಷಾರ್ಥಿಯಾಗಿ ಮದರಾಸಿಗೆ ಬಂದಿಳಿದವನು. ಮುಂದೆ ಕೆನರಾದ ಕಲೆಕ್ಟರನಾದ, ಬಳ್ಳಾರಿ ಸೇರಿದ ದತ್ತ ಜಿಲ್ಲೆಗಳ ಭೂಕಂದಾಯವನ್ನು ನಿಗದಿಗೊಳಿಸಿದ. 1790ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸ್ ಕಲ್ಕತ್ತೆಯಿಂದ ಸಮುದ್ರಮಾರ್ಗವಾಗಿ ಇಲ್ಲಿಗೆ ಬಂದು, ಮರುವರ್ಷದ ಮಾರ್ಚಿನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ. 1798ರಲ್ಲಿ ಆರ್ಥರ್ ವೆಲ್ಲೆಸ್ಲಿ ತನ್ನ 33ನೇ ರೆಜಿಮೆಂಟಿನೊಂದಿಗೆ ಬಂದ. ಆ ವರ್ಷ ಮುಗಿಯುವ ದಿನ ಅವನ ಅಣ್ಣ, ಗವರ್ನರ್ ಜನರಲ್ ಮಾರ್ನಿಂಗ್ಟನ್ ಕೂಡ ಇಳಿದ. ಐದನೆಯ ತಿಂಗಳಿಗೆ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಮೇಲೆ ಮದರಾಸಿನಿಂದ ನಡೆದ ಯುದ್ಧಗಳಿಗೆ ಸಮುದ್ರದಿಂದ ಬಂದ ಗೋರಾ ಸಿಪಾಯಿ, ಮದ್ದು, ಹಣ ಎಲ್ಲ ಮೊದಲು ದಾಟಿದ್ದು ಈ ಹೊಲಿಗೆ ದೋಣಿಗಳಲ್ಲಿ. ದಕ್ಷಿಣ ಕನ್ನಡ, ಬಳ್ಳಾರಿಗಳು ಮದರಾಸು ಪ್ರಾಂತ್ಯಕ್ಕೆ ಸೇರಿದ್ದರಿಂದ ಅಲ್ಲಿಗೆ ನೇಮಕಗೊಂಡ ಎಷ್ಟೋ ಅಧಿಕಾರಿಗಳ ಮೊದಲ ಹೆಜ್ಜೆಯೂ ಇದೇ ಮರಳಿನ ಮೇಲೆ ಬಿತ್ತು. ಕೋಟೆ ಕೊತ್ತಲಗಳ ಚರಿತ್ರೆ ಓದುವಾಗ ಈ ಒಂದೆರಡು ಮೈಲಿ ನೀರು, ಅದನ್ನು ದಾಟಿಸಿದ ತೋಳುಗಳು ಲೆಕ್ಕಕ್ಕೆ ಬರುವುದೇ ಇಲ್ಲ.

ವರ್ಷವಿಡೀ ದಾಟುವಂತಿರಲಿಲ್ಲ. ಈಶಾನ್ಯ ಮಾರುತದ ಹೊತ್ತಿಗೆ ಈ ತೀರ ಚಂಡಮಾರುತಗಳಿಗೆ ತೆರೆದ ಬಾಗಿಲು. ಅಕ್ಟೋಬರ್ 15ಕ್ಕೆ ಕೋಟೆಯ ಧ್ವಜವನ್ನು ಇಳಿಸಿದರೆ ಮತ್ತೆ ಏರಿಸುತ್ತಿದ್ದದ್ದು ಡಿಸೆಂಬರ್ 15ಕ್ಕೆ. ಆ ಎರಡು ತಿಂಗಳು ಇಲ್ಲಿ ಲಂಗರು ಹಾಕಿದ ಹಡಗಿಗೆ ವಿಮೆ ಅನ್ವಯಿಸುತ್ತಿರಲಿಲ್ಲ. ನಿಯಮದ ಹಿಂದೆ ಕಹಿ ಅನುಭವವಿತ್ತು. 1746ರಲ್ಲಿ ಫ್ರೆಂಚ್ ನೌಕಾಪತಿ ಲಾ ಬೂರ್ಡೊನೇ ಮದರಾಸನ್ನು ಗೆದ್ದ ಕೆಲವೇ ವಾರಗಳಲ್ಲಿ, ಅಕ್ಟೋಬರ್ ನಡುವಿನ ಒಂದು ರಾತ್ರಿಯ ಬಿರುಗಾಳಿ ಅವನ ನೌಕಾಪಡೆಯನ್ನು ಧೂಳೀಪಟ ಮಾಡಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಶತ್ರುವಿನ ಕೋಟೆಯನ್ನು ಗೆದ್ದವನಿಗೆ ಅದರ ಮುಂದಿನ ನೀರನ್ನು ಗೆಲ್ಲಲಾಗಲಿಲ್ಲ.

ಅಂಬಿಗರು ಯಾರು? ಮೀನುಗಾರಿಕೆಯಲ್ಲೇ ಹುಟ್ಟಿ ಬೆಳೆದ ತಮಿಳು, ತೆಲುಗು ಕಡಲ ಮಕ್ಕಳು. ಕಂಪನಿ ಆಡಳಿತ ಬಲಿತಂತೆ ಅವರ ಕಸುಬು ಬಂದರು ಅಧಿಕಾರಿಯ ಹಿಡಿತಕ್ಕೆ ಬಂತು. ಬಾಡಿಗೆಯ ದರವನ್ನು ಸರ್ಕಾರ ಗೊತ್ತುಪಡಿಸಿತು. ಅಲೆ ಅಪಾಯದ ಮಟ್ಟ ಮುಟ್ಟಿದರೆ ದಡದ ಕಚೇರಿಯ ಮೇಲೆ ಬಾವುಟ ಏರಿಸಿ ಎಚ್ಚರಿಸುವ ಪದ್ಧತಿ ಬಂತು. ಬಿಳಿಯರ ಪ್ರವಾಸ ಕಥನಗಳಲ್ಲಿ ಈ ಅಂಬಿಗರ ಮೇಲಿನ ದೂರಿಗೆ ಕೊರತೆಯಿಲ್ಲ: ಅಲೆಯ ನಡುವೆ ದೋಣಿ ನಿಲ್ಲಿಸಿ ಹೆಚ್ಚು ಹಣ ಕೇಳುತ್ತಾರೆ, ಸರಕು ಕದಿಯುತ್ತಾರೆ ಎಂದು. ಅಂಥವು ನಡೆದಿರಲೂಬಹುದು. ಆದರೆ ಆ ಪುಸ್ತಕಗಳೆಲ್ಲ ಪ್ರಯಾಣಿಕರು ಬರೆದವು. ವರ್ಷಕ್ಕೆ ನೂರಾರು ಸಲ ಪ್ರಾಣ ಪಣಕ್ಕಿಟ್ಟು ದಾಟಿಸುತ್ತಿದ್ದವರು ತಮ್ಮ ಕಡೆಯ ಮಾತನ್ನು ಬರೆದಿಡಲಿಲ್ಲ. ದಾಟುವಾಗ ನಡುಗಿದವರ ಹೆಸರು, ಊರು, ಅಂದು ತೊಟ್ಟಿದ್ದ ಉಡುಪು ಕೂಡ ಇತಿಹಾಸಕ್ಕೆ ದಕ್ಕಿದೆ. ದಾಟಿಸಿದ ತಂಡೇಲನ ಹೆಸರು ದಕ್ಕಿಲ್ಲ.

ಅವರು ಬಿಟ್ಟುಹೋದ ಗುರುತು ಬೇರೆ ಬಗೆಯದು. ಕೋಟೆಯ ಉತ್ತರಕ್ಕಿರುವ ರಾಯಪುರಂ ಅಂಬಿಗರ ನೆಲೆ. ಅಲ್ಲಿನ ಸಂತ ಪೀಟರ್ ದೇವಾಲಯವನ್ನು 1820ರ ದಶಕದಲ್ಲಿ ಕಟ್ಟಿಸಿದ್ದು ಕ್ರೈಸ್ತರಾಗಿದ್ದ ದೋಣಿಯ ಜನ, ತಮ್ಮ ದುಡಿಮೆಯ ಹಣ ಕೂಡಿಸಿ. ಏಸುವಿನ ಶಿಷ್ಯರಲ್ಲಿ ಬೆಸ್ತನಾಗಿದ್ದವನ ಹೆಸರಿನ ಆ ಗುಡಿ ಇಂದಿಗೂ ನಿಂತಿದೆ.

ದಡ ದಾಟಿದ ಸರಕುಗಳಲ್ಲಿ ಅತ್ಯಂತ ಅಚ್ಚರಿಯದು ಮಂಜುಗಡ್ಡೆ. ಅಮೆರಿಕದ ಬಾಸ್ಟನ್ ಸುತ್ತಲಿನ ಕೊಳಗಳಲ್ಲಿ ಚಳಿಗಾಲದಲ್ಲಿ ಕೊಯ್ದ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ, ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಭಾರತಕ್ಕೆ ಕಳಿಸುತ್ತಿದ್ದ. ಮೊದಲ ಹಡಗು 1833ರಲ್ಲಿ ಕಲ್ಕತ್ತೆ ಮುಟ್ಟಿತು. ಮದರಾಸಿನಲ್ಲಿ ದಾಸ್ತಾನಿಗೆಂದು 1842ರಲ್ಲಿ ಟ್ರಿಪ್ಲಿಕೇನ್ ಕಡಲಂಚಿಗೆ ಐಸ್ ಹೌಸ್ ಎದ್ದಿತು. ಹಡಗಿನಿಂದ ಅಲ್ಲಿಯವರೆಗೆ, ಕರಗುವ ಸರಕನ್ನು ಉಪ್ಪುನೀರು ಸಿಡಿಯುವ ಅಲೆಗಳ ನಡುವೆ ಬಿಸಿಲಿನಲ್ಲಿ ತರುವ ಹೊಣೆ ಈ ಅಂಬಿಗರದೇ. 1897ರಲ್ಲಿ ವಿವೇಕಾನಂದರು ಪಶ್ಚಿಮದಿಂದ ಮರಳಿ ಬಂದಾಗ ತಂಗಿದ್ದು ಅದೇ ಕಟ್ಟಡದಲ್ಲಿ. ಅಷ್ಟರಲ್ಲಿ ಮಂಜುಗಡ್ಡೆಯ ವ್ಯಾಪಾರವೂ ನಿಂತಿತ್ತು, ದೋಣಿಗಳ ಕಾಲವೂ ಇಳಿಮುಖವಾಗಿತ್ತು.

ಬದಲಾವಣೆ ಸುಲಭವಾಗಿ ಬರಲಿಲ್ಲ. 1860ರ ಆಸುಪಾಸಿನಲ್ಲಿ ಅಲೆಗಳ ಸಾಲನ್ನು ದಾಟಿ ಹೋಗುವ ಹಾಗೆ, ಸಾವಿರ ಅಡಿಗೂ ಉದ್ದದ ಕಬ್ಬಿಣದ ಕಟ್ಟೆಯೊಂದನ್ನು ಸಮುದ್ರದೊಳಕ್ಕೆ ಚಾಚಿದರು. 1872ರ ಮೇ ತಿಂಗಳ ಚಂಡಮಾರುತ ಅದನ್ನು ಮುರಿಯಿತು. ಆಮೇಲೆ ಎಂಜಿನಿಯರ್ ವಿಲಿಯಂ ಪಾರ್ಕ್ಸ್ ಎರಡು ಕಾಂಕ್ರೀಟು ತೋಳುಗಳ ಬಂದರಿನ ನಕ್ಷೆ ಬರೆದ. 1875ರ ಡಿಸೆಂಬರಿನಲ್ಲಿ ವೇಲ್ಸ್ ರಾಜಕುಮಾರ ಅದಕ್ಕೆ ಶಿಲಾನ್ಯಾಸ ಮಾಡಿದ. ಕೆಲಸ ಮುಗಿಯುವ ಹಂತಕ್ಕೆ ಬಂದಿತ್ತು ಅನ್ನುವಾಗ 1881ರ ನವೆಂಬರಿನ ಚಂಡಮಾರುತ ಹೊರಗೋಡೆಗಳನ್ನು ಕೆಡವಿತು. ಮತ್ತೆ ಕಟ್ಟಿ ಮುಗಿಸುವಾಗ 1890ರ ದಶಕದ ನಡುಭಾಗ ಕಳೆದಿತ್ತು. ಬಂದರಿನ ಬಾಯಿ ಪೂರ್ವಕ್ಕೆ ತೆರೆದಿದ್ದರಿಂದ ಅಲೆ ಒಳಗೂ ನುಗ್ಗುತ್ತಿತ್ತು. 1904ರಲ್ಲಿ ಪೋರ್ಟ್ ಟ್ರಸ್ಟಿನ ಮುಖ್ಯಸ್ಥನಾದ ಫ್ರಾನ್ಸಿಸ್ ಸ್ಪ್ರಿಂಗ್ ಆ ಬಾಯಿ ಮುಚ್ಚಿಸಿ ಈಶಾನ್ಯಕ್ಕೆ ಹೊಸದನ್ನು ತೆರೆಸಿದ. ಹಡಗು ಧಕ್ಕೆಗೆ ತಾಗಿ ನಿಲ್ಲುವ, ಜನ ಹಲಗೆಯ ಮೇಲೆ ನಡೆದೇ ಇಳಿಯುವ ಕಾಲ ಅದಾದ ಮೇಲೆ ಬಂತು.

ಸಮುದ್ರ ತನ್ನ ಲೆಕ್ಕವನ್ನು ಬೇರೆ ಕಡೆ ಚುಕ್ತಾ ಮಾಡಿಕೊಂಡಿತು. ಈ ಕರಾವಳಿಯಲ್ಲಿ ಅಲೆಗಳು ವರ್ಷದ ಹೆಚ್ಚು ಕಾಲ ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. ಬಂದರಿನ ಗೋಡೆ ಆ ದಾರಿಗೆ ಅಡ್ಡ ಬಂತು. ಗೋಡೆಯ ದಕ್ಷಿಣಕ್ಕೆ ಮರಳು ಕೂಡುತ್ತಾ ಹೋಗಿ ದಡ ಅಗಲವಾಯಿತು. ಇಂದು ಪ್ರವಾಸಿಗರು ಮೆಚ್ಚುವ ಮರೀನಾ ಕಡಲತೀರದ ವಿಸ್ತಾರಕ್ಕೆ ಅದೇ ಕಾರಣ. ಉತ್ತರಕ್ಕೆ ಮರಳಿನ ಪೂರೈಕೆ ನಿಂತು ಕಡಲು ನೆಲವನ್ನು ಕೊರೆಯತೊಡಗಿತು. ಹಾಗೆ ಕೊರೆತಕ್ಕೆ ಸಿಕ್ಕಿದ್ದು ರಾಯಪುರಂ. ಬಂದರಿನಿಂದ ಕಸುಬು ಕಳೆದುಕೊಂಡವರೇ ಬಂದರಿನಿಂದ ದಡವನ್ನೂ ಕಳೆದುಕೊಂಡರು. ಈಗ ಅಲ್ಲಿ ಮರಳಿನ ಬದಲು ಕಲ್ಲಿನ ರಾಶಿಯ ತಡೆಗೋಡೆಗಳಿವೆ.

ಹೊಲಿಗೆಯ ವಿದ್ಯೆ ಒಮ್ಮೆಲೇ ಅಳಿಯಲಿಲ್ಲ. ಮದರಾಸು ಪ್ರಾಂತ್ಯದ ಮೀನುಗಾರಿಕೆ ಇಲಾಖೆಯನ್ನು ನಡೆಸಿದ ಜೇಮ್ಸ್ ಹಾರ್ನೆಲ್ 1920ರ ಸುಮಾರಿಗೆ ಭಾರತದ ದೋಣಿಗಳ ಬಗ್ಗೆ ಅಧ್ಯಯನ ಪ್ರಕಟಿಸಿದಾಗ ಈ ದೋಣಿಗಳನ್ನೂ ವಿವರವಾಗಿ ದಾಖಲಿಸಿದ. ಆಂಧ್ರ, ಒಡಿಶಾ ತೀರಗಳಲ್ಲಿ ದಡಬಲೆ ಎಳೆಯುವವರು ಬಹುಕಾಲ ಇವನ್ನೇ ನೆಚ್ಚಿದ್ದರು. ಪ್ಲಾಸ್ಟಿಕ್ ನಾರಿನ ದೋಣಿ, ಹೊರಗೆ ಕೂಡಿಸುವ ಎಂಜಿನ್ ಬಂದ ಮೇಲೆ ಅವು ಹಿಂದೆ ಸರಿದವು.

ಪಶ್ಚಿಮ ಕರಾವಳಿಯಲ್ಲೂ ಹಡಗಿನಿಂದ ದೋಣಿಗೆ, ದೋಣಿಯಿಂದ ದಡಕ್ಕೆ ಎನ್ನುವ ಕ್ರಮವೇ ನಡೆದಿತ್ತು. ಮಂಗಳೂರಿನ ಹಳೇ ಬಂದರು ನದಿಯೊಳಗಿದೆ; ಅಳಿವೆಯ ಮರಳು ದೊಡ್ಡ ಹಡಗನ್ನು ಒಳಗೆ ಬಿಡುತ್ತಿರಲಿಲ್ಲ. ಹೊರಗೆ ಲಂಗರು ಹಾಕಿದ ಹಡಗಿನ ಜನ, ಸರಕುಗಳನ್ನು ದೋಣಿಗಳು ತರಬೇಕಿತ್ತು. ಇಲ್ಲಿ ಮಳೆಗಾಲದ ತಿಂಗಳುಗಳು ಮುಚ್ಚಿದ ಕಾಲ. 1975ರ ಜನವರಿಯಲ್ಲಿ ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಯಾಗುವವರೆಗೆ ದೊಡ್ಡ ಹಡಗುಗಳ ಪಾಡು ಇದೇ. ಈಗ ವಿದೇಶಿ ವಿಹಾರ ನೌಕೆಗಳು ಅಲ್ಲಿ ನೇರವಾಗಿ ಧಕ್ಕೆಗೆ ಬರುತ್ತವೆ. ಚೆನ್ನೈಯಿಂದಲೂ 2022ರ ಜೂನ್‌ನಲ್ಲಿ ವಿಹಾರ ನೌಕಾಯಾನ ಶುರುವಾಯಿತು. ಅಲ್ಲಿ ಹಡಗು ಹತ್ತುವವರ ಕಾಲಿಗೆ ಹನಿ ನೀರೂ ತಾಗುವುದಿಲ್ಲ.

ಆದರೂ ಜಗತ್ತಿನ ಎಷ್ಟೋ ಊರುಗಳಲ್ಲಿ ವಿಹಾರ ನೌಕೆಗಳು ಇಂದಿಗೂ ಹೊರಗೇ ನಿಲ್ಲುತ್ತವೆ. ಸಾವಿರಾರು ಜನ ಟಿಕೆಟಿನ ಸಂಖ್ಯೆ ಹಿಡಿದು ಸರದಿಗೆ ಕಾಯುತ್ತಾರೆ, ಹಡಗಿನ ಬದಿಯ ಬಾಗಿಲಿನಿಂದ, ದಡಕ್ಕೆ ಒಯ್ಯುವ ಟೆಂಡರ್ ದೋಣಿಗೆ ಹೆಜ್ಜೆಯಿಡುತ್ತಾರೆ. ಗಾಳಿಯ ಹೊಡೆತ ತಪ್ಪಿಸಲು ಕ್ಯಾಪ್ಟನ್ ಹಡಗನ್ನೇ ಅಡ್ಡ ತಿರುಗಿಸಿ ನಿಲ್ಲಿಸುತ್ತಾನೆ. ದೋಣಿ ಏರಿಳಿಯುವ ಹೊತ್ತು ನೋಡಿ ಕೈಹಿಡಿದು ಇಳಿಸುವ ನಾವಿಕರು ಈಗಲೂ ಬೇಕು. ಅಲೆ ಜೋರಾದರೆ ಆ ದಿನದ ಊರ ದರ್ಶನವೇ ರದ್ದು. ಗ್ರೀಸಿನ ಸಾಂಟೊರಿನಿಯಲ್ಲಿ ಜ್ವಾಲಾಮುಖಿಯ ಬಾಯಿಯೇ ಸಮುದ್ರವಾಗಿರುವುದರಿಂದ ನೀರು ವಿಪರೀತ ಆಳ. ಅಲ್ಲಿ ನೌಕೆಯ ಜನರನ್ನು ಫಿರಾ ಊರಿನ ಬುಡದ ಹಳೇ ಬಂದರಿಗೆ ಸಾಗಿಸುವ ಕೆಲಸ ಸ್ಥಳೀಯ ದೋಣಿಯವರ ಸಂಘದ್ದು. ಅಲ್ಲಿಂದ ಕಡಿದಾದ ಬಂಡೆಯ ಮೇಲಕ್ಕೆ ಮೆಟ್ಟಿಲು, ಹೇಸರಗತ್ತೆ ಅಥವಾ ಕೇಬಲ್ ಕಾರು.

ಕೆರಿಬಿಯನ್ ಸಮುದ್ರದ ಗ್ರಾಂಡ್ ಕೇಮನ್ ದ್ವೀಪದ ಜಾರ್ಜ್ ಟೌನ್ ಇನ್ನೊಂದು ಉದಾಹರಣೆ. ಅಲ್ಲಿಯೂ ಟೆಂಡರ್ ದೋಣಿಗಳದೇ ಓಡಾಟ. ದೊಡ್ಡ ಧಕ್ಕೆ ಕಟ್ಟಬೇಕೆಂಬ ಯೋಜನೆ ವರ್ಷಗಟ್ಟಲೆ ಚರ್ಚೆಯಾಯಿತು: ಹವಳದ ದಿಬ್ಬಗಳಿಗೆ ಪೆಟ್ಟಾಗುತ್ತದೆ, ಸಣ್ಣ ದ್ವೀಪಕ್ಕೆ ಇಷ್ಟು ಜನಸಂದಣಿ ತಡೆಯಲಾಗದು ಎಂದವರೊಂದು ಕಡೆ, ಧಕ್ಕೆಯಿಲ್ಲದಿದ್ದರೆ ಹೊಸ ದೊಡ್ಡ ನೌಕೆಗಳು ಬರುವುದಿಲ್ಲ ಎಂದವರೊಂದು ಕಡೆ. 2025ರ ಏಪ್ರಿಲ್‌ನಲ್ಲಿ ಜನಮತಗಣನೆ ನಡೆದು, ಬಹುಮತ ಧಕ್ಕೆ ಬೇಡವೆಂದಿತು. ಗೋಡೆ ಕಟ್ಟಿದರೆ ಯಾರ ದಡ ಬೆಳೆಯುತ್ತದೆ, ಯಾರ ದಡ ಕೊಚ್ಚಿಹೋಗುತ್ತದೆ ಎಂಬ ಪ್ರಶ್ನೆಯನ್ನು ಆ ದ್ವೀಪದ ಜನ ಕಟ್ಟುವ ಮೊದಲೇ ಎತ್ತಿದರು, ಉತ್ತರವನ್ನೂ ತಾವೇ ಕೊಟ್ಟರು. 1875ರ ರಾಯಪುರಂನ ಅಂಬಿಗರಿಗೆ ಅಂಥ ಮತಪೆಟ್ಟಿಗೆ ಇರಲಿಲ್ಲ.